ಮುಖ ತೋರಿಸಬೇಡಿ ಅನ್ನುವ ಮಗ

(ಓದುಗರೊಬ್ಬರ ಸಮಸ್ಯೆ: 11 ವರ್ಷದ ಮಗನಿಗೆ ಅಪರೂಪದ ಕಾಯಿಲೆ. ಟಿವಿಯಲ್ಲಿ ಬಂದರೆ ಚಿಕಿತ್ಸೆಗೆ ಹಣ ಸಿಗಬಹುದು. ಮುಖ ತೋರಿಸಲು ಮಗ ಒಪ್ಪುತ್ತಿಲ್ಲ. ಏನು ಮಾಡಲಿ?)

ಅಕ್ಕಾ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಗಳಿಗೆ 6 ವರ್ಷ ಇದ್ದಾಗ ಪತ್ರಿಕೆಯೊಂದರವರು ಕೇಳಿದ್ದೇ ತಡ, ಫೋಟೊ, ಹೆಸರು, ಶಾಲೆ ಎಲ್ಲ ಕೊಟ್ಟುಬಿಟ್ಟೆ. ಹಣ ಬಂತು, ಆಪರೇಷನ್ ಆಯಿತು. ಕೊಟ್ಟವರನ್ನು ಇವತ್ತಿಗೂ ನೆನೆಯುತ್ತೇನೆ. ಆದರೆ ಅವಳ ಕಾಯಿಲೆಯ ಒಂದು ನಾಚಿಕೆಯ ವಿಷಯವನ್ನೂ ಅಳುತ್ತಾ ಹೇಳಿದ್ದೆ. ಅದೂ ಅಚ್ಚಾಯಿತು. ಈಗ ಅವಳಿಗೆ 15. ಕ್ಲಾಸಿನವರು ಯಾರೋ ಹುಡುಕಿ ಗ್ರೂಪಿನಲ್ಲಿ ಹಾಕಿದರು. "ಅಮ್ಮಾ, ಅದನ್ನ್ಯಾಕೆ ಹೇಳಿದೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಳಿಕೊಂಡ ಮೇಲೆ ಪತ್ರಿಕೆಯವರು ಅಳಿಸಿದರು. ಬೇರೆಯವರು ಎತ್ತಿ ಹಾಕಿಕೊಂಡಿದ್ದು ಹಾಗೇ ಇದೆ. ಈ ಪತ್ರವನ್ನು ಅವಳಿಗೆ ತೋರಿಸಿಯೇ ಕಳಿಸುತ್ತಿದ್ದೇನೆ. ಆ ವಿಷಯ ಏನು ಅಂತ ಬರೆಯಬೇಡ ಅಂದಳು, ಬರೆದಿಲ್ಲ.
– ಒಬ್ಬ ತಾಯಿ

ನಾನು ಬಹಳ ವರ್ಷ ವರದಿಗಾರನಾಗಿದ್ದವನು. ಮಗುವಿನ ಮುಖ ಕಂಡರೆ ಜನ ಬೇಗ ಕರಗುತ್ತಾರೆ, ನಿಜ. ಹಾಗಂತ ಅದಿಲ್ಲದೆ ವರದಿಯೇ ಆಗಲ್ಲ ಅಂದರೆ ನಂಬಬೇಡಿ. 1971ರಲ್ಲಿ ಅಮೆರಿಕದಲ್ಲಿ ಡೇವಿಡ್ ಅಂತ ಒಬ್ಬ ಹುಡುಗ ಹುಟ್ಟಿದ. ರೋಗನಿರೋಧಕ ಶಕ್ತಿಯೇ ಇಲ್ಲದೆ ಪ್ಲಾಸ್ಟಿಕ್ ಗೂಡಿನೊಳಗೆ ಬೆಳೆದ, 1984ರಲ್ಲಿ ತೀರಿಕೊಂಡ. ಅವನ ಫೋಟೊ ಎಲ್ಲೆಲ್ಲೂ ಬಂತು. ಮನೆತನದ ಹೆಸರನ್ನು ಮಾತ್ರ ಅವನು ಹೋದ ಮೇಲೂ ಎಷ್ಟೋ ವರ್ಷ ಗುಟ್ಟಾಗಿಟ್ಟರು. ಆಗ ಅಷ್ಟು ಸಾಕಿತ್ತು. ಈಗ ಫೋಟೊ ಒಂದಿದ್ದರೂ ಹುಡುಕಿಬಿಡುತ್ತಾರೆ.

ಕ್ಯಾಮೆರಾ ಮುಂದೆ ನೀವು ಕೂತು ಮಾತಾಡಿ. ಮಗನ ಹೆಸರು ಬದಲಿಸಬೇಕು, ಮುಖ, ದನಿ, ಯೂನಿಫಾರ್ಮ್ ಬರಬಾರದು ಅಂತ ಮೊದಲೇ ಬರೆಸಿಕೊಳ್ಳಿ. ರಿಪೋರ್ಟ್‌ಗಳನ್ನು ಹಿಡಿದು ತೋರಿಸಬೇಡಿ, ಮೇಲ್ಗಡೆ ಹೆಸರು ಇರುತ್ತದೆ. ಇನ್ನೊಂದು, ಕಾಯಿಲೆ ಅಪರೂಪದ್ದು ಅಂತೀರಿ. ಹಾಗಿದ್ದರೆ ಕಾಯಿಲೆ ಮತ್ತು ಊರು ಎರಡನ್ನೂ ಹೇಳಿದರೆ ಸಾಕು, ಗುರುತು ಸಿಕ್ಕಿಬಿಡುತ್ತದೆ. ನೀವೇ ಮುಖ ತೋರಿಸಿದರೆ ನಿಮ್ಮ ಪರಿಚಯದವರಿಗೆ ಗೊತ್ತಾಗುವುದು ತಪ್ಪುವುದಿಲ್ಲ. ಇದನ್ನೂ ಮಗನಿಗೆ ಮೊದಲೇ ಹೇಳಿ.
– ನಿವೃತ್ತ ವರದಿಗಾರ

ಮಕ್ಕಳ ಹಕ್ಕುಗಳ ಬಗ್ಗೆ 1989ರಲ್ಲಿ ವಿಶ್ವಸಂಸ್ಥೆ ಮಾಡಿದ ಒಡಂಬಡಿಕೆಯಲ್ಲಿ ಮಗುವಿನ ಮಾತಿಗೆ ಬೆಲೆ ಕೊಡಬೇಕು ಅಂತ 12ನೇ ವಿಧಿಯಲ್ಲಿದೆ. ಖಾಸಗಿತನದ ಹಕ್ಕು 16ನೇ ವಿಧಿಯಲ್ಲಿದೆ. ಅದು ಹಾಗಿರಲಿ. ಮಕ್ಕಳ ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಸೂಜಿ ಯಾವ ಕೈಗೆ ಅಂತ ಕೇಳಿದರೂ ಸಾಕು, ಮಗುವಿನ ಮುಖ ಸ್ವಲ್ಪ ಸಡಿಲವಾಗುತ್ತದೆ. ನಿಮ್ಮ ಮಗ ಪೂರ್ತಿ ಬೇಡ ಅಂದಿಲ್ಲ, ಮುಖ ಬೇಡ ಅಂದಿದ್ದಾನೆ, ಅಲ್ವಾ? ಇನ್ನೇನೇನು ಬೇಡ ಅಂತ ಇವತ್ತೇ ಅವನ ಪಕ್ಕ ಕೂತು ಕೇಳಿ.
– ಒಬ್ಬ ನರ್ಸ್