ಅಪ್ಪಾರು ರೆಕಾರ್ಡ್ ಮಾಡಿದ ಹಳೇ ಕ್ಯಾಸೆಟ್ ಎಂಪಿ3 ಮಾಡಿ ಗ್ರೂಪ್‌ನ್ಯಾಗ ಹಂಚಿದ್ರ ಪೈರಸಿ ಆಗ್ತೈತೇನ್ರಿ?

ಬೆಟಗೇರಿ ಹುಡುಗ, ಗದಗ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಪ್ಪಾರಿಗೆ ಸಂಗೀತದ ಹುಚ್ಚು ಭಾಳ. ವೀರೇಶ್ವರ ಪುಣ್ಯಾಶ್ರಮದಾಗ ಪುಣ್ಯತಿಥಿಗೆ ಬೆಳತನಕ ಹಾಡಿಕಿ ನಡೀತಾವಲ್ರಿ, ಟೇಪ್ ರೆಕಾರ್ಡರ್ ತೊಡಿ ಮ್ಯಾಲ ಇಟ್ಕೊಂಡು ಕುಂತು ರೆಕಾರ್ಡ್ ಮಾಡ್ಕೋತಿದ್ರು, ಧಾರವಾಡ ಆಕಾಶವಾಣಿಯಾಗ ಬರೋ ಶಾಸ್ತ್ರೀಯ ಸಂಗೀತ, ವಚನ, ದಾಸರ ಪದ ಟೂ ಇನ್ ವನ್‌ನ್ಯಾಗ ಹಿಡದಿಟ್ಟಾವು ಬ್ಯಾರೆ. ಒಂದೊಂದ ಕ್ಯಾಸೆಟ್ಟಿನ ಕಾರ್ಡಿನ ಮ್ಯಾಲ ರಾಗ ಯಾವ್ದು, ಹಾಡಿದವ್ರು ಯಾರು, ತಬಲಾ ಯಾರು, ಪೇಟಿ ಯಾರು, ಇಸವಿ ಎಷ್ಟು ಎಲ್ಲಾ ನೀಟಾಗಿ ಪೆನ್ನಿಲೆ ಬರದಾರ. ಈಗ ಕೆಲವಕ್ಕ ಬೂಷ್ಟು ಹಿಡದೈತಿ, ಕೆಲವು ಹಾಕಿದ ಕೂಡ್ಲೆ ರೀಲು ರೋಲರ್‌ಗೆ ಸುತ್ಕೊಂಡು ಹರೀತಾವ, ಅದಕ್ಕ ಲಗೂನ ಉಳಿಸಬೇಕಂತ ಡೆಕ್‌ನಿಂದ ಕಂಪ್ಯೂಟರಿಗೆ ವಾಯರ್ ಜೋಡ್ಸಿ ಎಂಪಿ3 ಮಾಡಾಕತ್ತೀನಿ.

ಇಲ್ಲೀ ತನಕ ಆಗಿದ್ದನ್ನ ಒಂದು ಟೆಲಿಗ್ರಾಂ ಗ್ರೂಪ್‌ಗೆ ಹಾಕೀನಿ. ಅಲ್ಲಿ ಸಂಗೀತದ ಮಾಸ್ತರ್ರು, ಕಲಿಯೋ ಹುಡುಗ್ರು, ಭಜನಾ ಮ್ಯಾಳದವ್ರು ಅದಾರ, ಯಾರ ಕಡಿಂದೂ ಒಂದು ರೂಪಾಯಿ ತೊಗೊಂಡಿಲ್ಲ. ಅಂಗಡಿಯಾಗ ಕೊಂಡ ಕಂಪನಿ ಕ್ಯಾಸೆಟ್ಟೂ ಅದರಾಗ ಸೇರ್ಯಾವ. ಮೊನ್ನೆ ಒಬ್ರು "ಇದು ಪೈರಸಿ, ಕೇಸ್ ಆದ್ರ ಅಡ್ಮಿನ್‌ನ್ನ ಮೊದಲ ಹಿಡೀತಾರ" ಅಂತ ಹಾಕಿದ್ರು, ಅವತ್ತಿಂದ ಅರ್ಧ ಮಂದಿ ಸುಮ್ನಾಗ್ಯಾರ. ಇದರ ಜೋಡಿ ಇನ್ನೊಂದು, ನಾನು ಹಳೇ ಗ್ರಾಮಫೋನ್ ಪ್ಲೇಟಿನ ಹಾಡು ಇಳಿಸ್ಕೋತಿದ್ದ ಸೈಟ್ ಒಂದು ಈಗ ತೆರಿಯವಲ್ದು, ಸರ್ಕಾರದ ಆದೇಶದ ಮ್ಯಾಲ ಬ್ಲಾಕ್ ಆಗೈತಿ ಅಂತ ಬರ್ತೈತಿ, ನಮ್ಮ ತಮ್ಮನ ಮೊಬೈಲ್‌ನ್ಯಾಗ ಬ್ಯಾರೆ ಕಂಪನಿ ಸಿಮ್ ಐತಿ, ಅದರಾಗ ಆರಾಮ್ ತೆರೀತೈತಿ. ಇದೇನ್ ಹಕೀಕತ್ತು? ಯಾರು ಬ್ಲಾಕ್ ಮಾಡ್ತಾರ, ಯಾರಿಗೆ ಕೇಳಬೇಕು? ನನಗ ಕೇಸಿನ ಚಿಂತಿಗಿಂತ ಈ ಹಾಡು ಹಾಳಾಗಿ ಹೋಗ್ತಾವನ್ನೋ ಚಿಂತಿ ಜಾಸ್ತಿ ಐತ್ರಿ, ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

ದುರ್ಗದಬೈಲ್ ಮೊಬೈಲ್

ಅಣ್ಣಾ ಮೊದಲ ಒಂದು ಮಾತು, ಆ ಕೆಲಸ ನಿಲ್ಲಸಬ್ಯಾಡ. ನಂದು ಹುಬ್ಬಳ್ಳ್ಯಾಗ ಮೊಬೈಲ್ ಅಂಗಡಿ. ಜಿಯೋ ಬರೂಕಿಂತ ಮೊದಲ, ಅಂದ್ರ 2016ರ ಸೆಪ್ಟೆಂಬರ್‌ಗಿಂತ ಮೊದಲ, ಈ ಲೈನಿನ್ಯಾಗ ಎಲ್ಲಾ ಅಂಗಡಿಗೂ ಮೆಮೊರಿ ಕಾರ್ಡ್ ತುಂಬೋದ ದೊಡ್ಡ ವ್ಯಾಪಾರ ಇತ್ತು. ಹಳ್ಳಿಯಿಂದ ಬಜಾರಕ್ಕ ಬಂದವ್ರು ಕಾರ್ಡ್ ಕೊಟ್ಟು ಪ್ಯಾಟಿ ತಿರಗಾಡಿ ಬರೂದ್ರಾಗ ತುಂಬಿ ಇಡ್ತಿದ್ವಿ. ಪಿಕ್ಚರ್ ಹಾಡು ಕೇಳೋರು ಹುಡುಗ್ರು, ವಯಸ್ಸಾದವ್ರು ಕೇಳ್ತಿದ್ದಿದ್ದು ಮಾತ್ರ ಗೀಗೀ ಪದ, ಚೌಡಕಿ ಪದ, ದೊಡ್ಡಾಟ, ಭಜನಾ ಪದ. ಅವು ಯಾವ ಆ್ಯಪ್‌ನ್ಯಾಗೂ ಸಿಗ್ತಿರಲಿಲ್ಲ, ಇವತ್ತೂ ಸರಿಯಾಗಿ ಸಿಗೂದಿಲ್ಲ. ಆ ಕ್ಯಾಸೆಟ್ ತಂದ ಸಣ್ಣ ಸಣ್ಣ ಕಂಪನಿ ಬಾಗ್ಲಾ ಹಾಕಿ ಎಷ್ಟೋ ವರ್ಷ ಆತು, ಮಾಲಕ್ರು ಅದಾರೋ ಇಲ್ಲೋ ಗೊತ್ತಿಲ್ಲ. ಪರವಾನಗಿ ಯಾರನ್ನ ಕೇಳಬೇಕು ಹೇಳ್ರಿ.

ಆದ್ರ ಹುಷಾರಿ ಇರಬೇಕು. ನಮ್ಮ ರಾಜ್ಯದ ಗೂಂಡಾ ಕಾಯ್ದೆ 1985ರದು, ಅದರ ಹೆಸರಿನ್ಯಾಗ ವಿಡಿಯೋ, ಆಡಿಯೋ ಪೈರೇಟ್ಸ್ ಅನ್ನೂದು ಐತಿ, 2014ರಾಗ ತಿದ್ದುಪಡಿ ಮಾಡಿ ಡಿಜಿಟಲ್ ಅಪರಾಧದವ್ರನ್ನೂ ಸೇರಿಸಿದ್ರು. ಅದು ಬಂದ ಮ್ಯಾಲ ನಮ್ಮ ಲೈನಿನವ್ರು ಭಾಳ ಮಂದಿ ಆ ಧಂದೆ ಬಿಟ್ರು. ಹಾಡು ತುಂಬಿ ಕೊಟ್ಟವನ್ನ ಹಫ್ತಾ ವಸೂಲಿ ಮಾಡೋ ರೌಡಿ ಜೋಡಿ ಒಂದೇ ಕಾಯ್ದೆದಾಗ ಇಡೂದು ನ್ಯಾಯ ಅಲ್ಲ ಅಂತ ನಾನು ಅವಾಗೂ ಹೇಳಿದ್ದೆ, ಈಗೂ ಅದನ್ನ ಹೇಳ್ತೀನಿ.

ವಕೀಲಿ, ವಿದ್ಯಾನಗರ ಹುಬ್ಬಳ್ಳಿ

ಬೆಟಗೇರಿಯವ್ರ, ನಿಮ್ಮ ಕಡೆ ಇರೋವೆಲ್ಲ ಒಂದೇ ಲೆಕ್ಕಕ್ಕ ಬರೂದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣ ಹೊರಗ ಬಂದ ಮರುವರ್ಷದಿಂದ 60 ವರ್ಷ ಹಕ್ಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟು, ಗಾಂಧಾರಿ ಹುಬ್ಳಿ ಅಂತ ಹೆಸರು ಹಾಕಿ ಬಂದವಲ್ಲ, ಅವುಗಳ ಧ್ವನಿಮುದ್ರಣದ ಹಕ್ಕು ಯಾವಾಗೋ ಮುಗದೈತಿ. ಅವರ ಗುರುಗಳು ಕುಂದಗೋಳದ ಸವಾಯಿ ಗಂಧರ್ವರ ಪ್ಲೇಟಿಗೂ ಅದ ಲೆಕ್ಕ. ಆದ್ರ ನೀವು ಅಂಗಡಿಯಾಗ ಕೊಂಡ ಕ್ಯಾಸೆಟ್ 1985ರದ್ದು ಅಂದ್ರ 2045 ಮುಗಿಯೋ ತನಕ ಅದು ಕಂಪನಿದು. ಷರೀಫ್ ಸಾಹೇಬ್ರ ಪದ ನೋಡ್ರಿ, ಅವರು ತೀರ್ಕೊಂಡಿದ್ದು 1889, ಪದ ಎಲ್ಲಾರ ಸ್ವತ್ತು, ಶಿಶುನಾಳದ ಗುಡಿಯಾಗ ಹಾಡಿದ್ರೂ ಯಾರೂ ಕೇಳಂಗಿಲ್ಲ. ಅದಕ್ಕ ಸಿ. ಅಶ್ವತ್ಥ್ ಅವರು ಹಾಕಿದ ಧಾಟಿಗೆ ಮಾತ್ರ ಅವರು ಹೋದ 2009ರಿಂದ ಮುಂದ 60 ವರ್ಷ ಹಕ್ಕು ಐತಿ, ಆ ಕ್ಯಾಸೆಟ್ ಹಂಚಿದ್ರ ತಪ್ಪಾಗ್ತೈತಿ.

ಇನ್ನ ಅಪ್ಪಾರು ಕುಂತು ರೆಕಾರ್ಡ್ ಮಾಡಿದ ಹಾಡಿಕಿ. ಅಲ್ಲಿ ಕಂಪನಿ ಇಲ್ಲ, ಹಾಡಿದವರ ಹಕ್ಕು ಐತಿ. 38ನೇ ಕಲಂ, ಹಾಡಿದ ಮರುವರ್ಷದಿಂದ 50 ವರ್ಷ. 1972ರ ಹಾಡಿಕಿ ಆದ್ರ ಮುಗದೈತಿ, 1996ರದು ಆದ್ರ 2046ರ ಕೊನೀ ತನಕ ಹಾಡಿದವ್ರನ್ನ, ಅವರು ಇಲ್ಲಂದ್ರ ಅವರ ವಾರಸುದಾರರನ್ನ ಕೇಳಬೇಕು. ಆಕಾಶವಾಣಿಯಿಂದ ಹಿಡದಿದ್ದಕ್ಕ ಪ್ರಸಾರದ ಹಕ್ಕು 25 ವರ್ಷ, ಅದು ಮುಗೀತಂದ ಕೂಡ್ಲೆ ಒಳಗಿನ ಹಾಡು ಫ್ರೀ ಆಗೂದಿಲ್ಲ, ಹಾಡಿದವರ ಹಕ್ಕು ಬ್ಯಾರೆ ಇರ್ತೈತಿ.

ನಿಮ್ಮ ಸ್ವಂತಕ್ಕ, ಅಭ್ಯಾಸಕ್ಕ ಎಂಪಿ3 ಮಾಡಿ ಇಟ್ಕೊಳ್ಳಾಕ 52ನೇ ಕಲಂ ಆಸರ ಕೊಡ್ತೈತಿ, ಅಷ್ಟ ಆಗಿದ್ರ ಯಾರಿಗೂ ಹೆದರೂ ಕಾರಣ ಇಲ್ಲ. ಗ್ರೂಪ್‌ಗೆ ಹಾಕಿದ್ರಲ್ಲ, ಅಲ್ಲಿ ಬರ್ತೈತಿ ಪ್ರಶ್ನೆ, ದುಡ್ಡು ತೊಗೊಳ್ಳಿಲ್ಲ ಅನ್ನೂದರಿಂದ ಪೂರ್ತಿ ಬಿಡುಗಡೆ ಇಲ್ಲ. 63ನೇ ಕಲಂದಾಗ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ, ವ್ಯಾಪಾರಕ್ಕಲ್ಲಂದ್ರ ಕೋರ್ಟ್ ಕಾರಣ ಬರದು ಕಡಿಮಿ ಮಾಡಬಹುದು. 2022ರಾಗ ಸುಪ್ರೀಂ ಕೋರ್ಟ್ ಇದನ್ನ ವಾರಂಟ್ ಇಲ್ಲದ ಹಿಡಿಯಬಹುದಾದ, ಜಾಮೀನು ಸುಲಭಕ್ಕ ಸಿಗದ ಗುನ್ಹೆ ಅಂತ ಹೇಳೈತಿ, ಅದಕ್ಕ ಹಗುರ ತೊಗೋಬ್ಯಾಡ್ರಿ. ದುರ್ಗದಬೈಲ್‌ನವರು ಕೇಳಿದ್ದಕ್ಕ, ಹಕ್ಕಿನ ಮಾಲಕ್ರು ಪತ್ತೆ ಇಲ್ಲದ ಕೃತಿಗೆ 31ಎ ಕಲಂದಾಗ ಲೈಸೆನ್ಸ್ ಕೇಳೋ ದಾರಿ ಐತಿ, ಪೇಪರಿನ್ಯಾಗ ಜಾಹೀರಾತು ಕೊಡಬೇಕು, ಅರ್ಜಿ ಹಾಕಬೇಕು, ಒಬ್ಬ ಸಾಮಾನ್ಯ ಮನಿಷಾ ಒಂದು ಗೀಗೀ ಪದಕ್ಕ ಅಷ್ಟೆಲ್ಲ ಓಡ್ಯಾಡೂದು ಕಷ್ಟ. ಕಾಯ್ದೆದಾಗಿನ ದೊಡ್ಡ ಕೊರತಿ ಇದು.

ಸಪ್ತಾಪುರ ಧಾರವಾಡ

ತಮ್ಮಾ, ನಾನು ಹಾಡಾಕಿ, ಅದಕ್ಕ ನಮ್ಮ ಕಡಿಂದೂ ಎರಡು ಮಾತು ಕೇಳು. ಮನಸೂರ ಮಲ್ಲಿಕಾರ್ಜುನ ಅಣ್ಣಾ ಅವರ ಅಪರೂಪದ ರಾಗ ಎಷ್ಟೋ ನಾವು ಕಲ್ತದ್ದು ಇಂಥ ಕೈಯಿಂದ ಕೈಗೆ ಬಂದ ಟೇಪಿನಿಂದನ. ಬಸವರಾಜ ರಾಜಗುರು ಅವರದಂತೂ ಕಂಪನಿ ರೆಕಾರ್ಡು ಕಡಿಮಿ, ರಸಿಕರು ಮೆಹಫಿಲ್‌ನ್ಯಾಗ ಹಿಡದಿದ್ದ ಇಲ್ಲಾಂದ್ರ ಅವರ ಆ ತಾನು ನಮ್ಮ ವಿದ್ಯಾರ್ಥಿಗಳ ಕಿವಿಗೆ ಬೀಳ್ತಿರಲಿಲ್ಲ. ಅದನ್ನ ಪೈರಸಿ ಅಂತ ಒಂದೇ ಮಾತಿನ್ಯಾಗ ಅನ್ನೂದು ನನಗ ಸರಿ ಅನ್ಸೂದಿಲ್ಲ.

ಆದ್ರ ಬದುಕಿದ್ದವ್ರದ್ದು ಬ್ಯಾರೆ ಮಾತದ. ಒಂದು ಊರಾಗ ಜ್ವರ ಇದ್ದಾಗ ಹಾಡಿದ್ದೆ, ಮ್ಯಾಲಿನ ಷಡ್ಜ ಹತ್ತಲೇ ಇಲ್ಲ, ಯಾರೋ ಮೊಬೈಲಿನ್ಯಾಗ ಹಿಡದು ಚಾನೆಲ್‌ಗೆ ಹಾಕಿದ್ರು, ರಾಗದ ಹೆಸರೂ ತಪ್ಪು, ಜಾಹೀರಾತಿನ ದುಡ್ಡು ಅವರಿಗೆ. ತಬಲಾ ಸಾಥಿ ಕೊಟ್ಟ ಹುಡುಗನ ಹೆಸರು ಸುದ್ದಾ ಇಲ್ಲ. 2012ರ ತಿದ್ದುಪಡಿ ಬಂದ ಮ್ಯಾಲ ವ್ಯಾಪಾರಕ್ಕ ಬಳಸಿದ್ರ ಕಲಾವಿದರಿಗೂ ರಾಯಲ್ಟಿ ಅದ, ಹೆಸರು ಹಾಕಿಸ್ಕೊಳ್ಳೋ ಹಕ್ಕೂ ಅದ, ನಮ್ಮ ಕಡೆ ಎಷ್ಟು ಮಂದಿ ಹಾಡವ್ರಿಗೆ ಅದು ಗೊತ್ತದ? ನೀನು ಫೋನ್ ಮಾಡಿ ಕೇಳಿದ್ರ ನೂರಕ್ಕ ತೊಂಬತ್ತು ಮಂದಿ ಹೂಂ ಅಂತಾರ, ಮ್ಯಾಲ ಇನ್ನೆರಡು ಟೇಪ್ ಕೊಟ್ಟು ಕಳಸ್ತಾರ. ಕೇಳದ ಹಾಕೂದು ಬ್ಯಾಡ. ಅಪ್ಪಾರು ತಬಲಾದವ್ರ ಹೆಸರು ಬರದಾರಂದ್ಯಲ್ಲ, ಫೈಲಿನ್ಯಾಗ ಅದನ್ನ ಬಿಡಬ್ಯಾಡ.

ಹಾವೇರಿ ನೆಟ್‌ವರ್ಕ್

ಬ್ಲಾಕಿಂದು ನಾ ಹೇಳ್ತೀನಿ, ಅದ ನನ್ನ ಕೆಲಸ. ಆದೇಶ ಹೆಚ್ಚಾಗಿ ಎರಡು ಕಡಿಂದ ಬರ್ತಾವ. ಒಂದು ಕೋರ್ಟ್, ಕಾಪಿರೈಟ್ ಕೇಸಿನ್ಯಾಗ. ಇನ್ನೊಂದು ಕೇಂದ್ರ ಸರ್ಕಾರ, ಐಟಿ ಕಾಯ್ದೆ 69ಎ ಕಲಂದಾಗ, ಅದು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಇಂಥವಕ್ಕ, ಕಾಪಿರೈಟಿಗೆ ಅಲ್ಲ. ಆದೇಶ ಬಂದ್ರೂ ಜಾರಿ ಮಾಡೂದು ಇಂಟರ್‌ನೆಟ್ ಕಂಪನಿಗಳ ಕೈಯಾಗ, ಒಬ್ರು ಡಿಎನ್‌ಎಸ್‌ನ್ಯಾಗ, ಅಂದ್ರ ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿ ಕೊಡೋ ವ್ಯವಸ್ಥಾದಾಗ, ತಪ್ಪು ವಿಳಾಸ ಕೊಡ್ತಾರ, ಇನ್ನೊಬ್ರು ನಿಮ್ಮ ಫೋನ್ ಸೈಟ್ ಹೆಸರು ಹೇಳೂ ಹೊತ್ತಿನ್ಯಾಗ ಅದನ್ನ ನೋಡಿ ಕನೆಕ್ಷನ್ ಕಟ್ ಮಾಡ್ತಾರ. ಅದಕ್ಕ ನಿಮ್ಮ ಸಿಮ್‌ನ್ಯಾಗ ಬಂದ್, ತಮ್ಮನ ಸಿಮ್‌ನ್ಯಾಗ ಚಾಲು.

ನನಗ ಸಿಟ್ಟು ಬರೂದು ಅಳತಿ ಇಲ್ಲದ್ದಕ್ಕ. 2012ರಾಗ ಮದ್ರಾಸ್ ಹೈಕೋರ್ಟಿಂದ ಪಿಕ್ಚರ್ ಪೈರಸಿ ತಡಿಯಾಕ ಒಂದು ಆದೇಶ ಬಂತು, ಕಂಪನಿಗಳು ವಿಡಿಯೋ ಹಂಚೋ ವಿಮಿಯೋ ಸೈಟನ್ನೂ ಪೂರ್ತಿ ಬಂದ್ ಮಾಡಿದ್ವು, ಆಮ್ಯಾಲ ಅದ ಕೋರ್ಟ್ ಆ ನಿರ್ದಿಷ್ಟ ಲಿಂಕ್ ಅಷ್ಟ ಬಂದ್ ಮಾಡ್ರಿ ಅಂತ ತಿಳಿಸಿ ಹೇಳಬೇಕಾತು. 2017ರ ಆಗಸ್ಟ್‌ನ್ಯಾಗ ಇಂಟರ್‌ನೆಟ್ ಆರ್ಕೈವ್ ಪೂರ್ತಿ ಹೋತು, ಹಳೇ ಪ್ಲೇಟು, ಹಳೇ ಪುಸ್ತಕ ಇರೋ ಗ್ರಂಥಾಲಯ ಅದು, ಅದೂ ಹಿಂದಿ ಪಿಕ್ಚರಿನ ಕೇಸಿನ್ಯಾಗ ಸಿಕ್ಕೊಂಡಿದ್ದು. ಒಂದು ಮನಿಯಾಗ ಕಳ್ಳ ಹೊಕ್ಕಾನಂತ ಇಡೀ ಓಣಿಗೆ ಕೀಲಿ ಹಾಕಿದಂಗ. 2019ರಾಗ ದೆಹಲಿ ಹೈಕೋರ್ಟ್ ಇನ್ನೊಂದು ದಾರಿ ತೆರೀತು, ಪೈರಸಿ ಸೈಟ್ ಹೆಸರು ಬದಲಿಸಿ ಬಂದ್ರ ಹೊಸಾ ಕೇಸ್ ಹಾಕೂದು ಬ್ಯಾಡ, ಹಳೇ ಆದೇಶಕ್ಕನ ಹೊಸ ವಿಳಾಸ ಸೇರಸಬಹುದು ಅಂತ. ದೊಡ್ಡ ಪೈರಸಿ ಸೈಟಿಗೆ ಅದು ಬೇಕಿತ್ತು, ನಾನೂ ಒಪ್ತೀನಿ, ರೊಕ್ಕಾ ಹಾಕಿ ಪಿಕ್ಚರ್ ಮಾಡಿದವ್ರು ಬೀದಿಗೆ ಬರಬಾರ್ದು. ಆದ್ರ ತಪ್ಪಿ ಸಿಕ್ಕೊಂಡ ಸಣ್ಣ ಸೈಟಿನವ ಎಲ್ಲಿ ಹೋಗಿ ಹೇಳಬೇಕು?

69ಎ ಇನ್ನೂ ಗಟ್ಟಿ. 2009ರ ನಿಯಮದಾಗ ದೂರು, ಆದೇಶ ಎಲ್ಲಾ ಗುಟ್ಟಾಗಿ ಇಡಬೇಕಂತ ಐತಿ, ಯಾಕ ಬಂದಾತು ಅಂತ ಓದೋರಿಗೆ ತಿಳಿಯೂದಿಲ್ಲ. 2015ರಾಗ ಸುಪ್ರೀಂ ಕೋರ್ಟ್ ಆನ್‌ಲೈನ್‌ನ್ಯಾಗ ಮನಸ್ಸಿಗೆ ನೋವಾಗೋ ಮಾತು ಹಾಕಿದ್ರ ಜೈಲು ಅನ್ನೋ 66ಎ ಕಲಂ ತೆಗದು ಹಾಕ್ತು, 69ಎ ಉಳಿಸ್ತು. ನಮ್ಮ ಕರ್ನಾಟಕ ಹೈಕೋರ್ಟ್ 2023ರಾಗ ಬ್ಲಾಕ್ ಆದೇಶಗಳ ವಿರುದ್ಧ ಟ್ವಿಟರ್ ಹಾಕಿದ ಅರ್ಜಿ 50 ಲಕ್ಷ ದಂಡದ ಜೋಡಿ ವಜಾ ಮಾಡ್ತು, 2025ರ ಸೆಪ್ಟೆಂಬರ್‌ನ್ಯಾಗ ಪೋಸ್ಟ್ ತೆಗೀರಿ ಅಂತ ಸರ್ಕಾರ ಕಂಪನಿಗಳಿಗೆ ನೋಟಿಸ್ ಕಳಸೋ ಸಹಯೋಗ್ ಪೋರ್ಟಲ್ ವಿರುದ್ಧದ್ದೂ ವಜಾ ಆತು. ಕೆಟ್ಟದ್ದು ತೆಗೀಬ್ಯಾಡ್ರಿ ಅಂತ ಯಾರೂ ಅನ್ನೂದಿಲ್ಲ. ಯಾವ ಪುಟ, ಯಾವ ಕಾರಣ, ಯಾರ ಆದೇಶ, ಮೇಲ್ಮನವಿ ಎಲ್ಲಿ, ಈ ನಾಲ್ಕು ಸಾಲು ಆ ಬ್ಲಾಕ್ ಪುಟದಾಗ ಬರೀರಿ ಅಂತ ಕೇಳಾಕತ್ತೇವಿ ಅಷ್ಟ.

ಬೆಟಗೇರಿ ಹುಡುಗ, ಗದಗ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಕ್ಕಾರ, ನೀವು ಹೇಳಿದ್ದು ಮನಸಿಗೆ ಹತ್ತಿತು, ಕಾರ್ಡ್ ಮ್ಯಾಲ ಹೆಸರಿದ್ದವ್ರ ಪಟ್ಟಿ ಮಾಡಿ ಫೋನ್ ನಂಬರ್ ಹುಡಕ್ತೀನಿ. ಹಾವೇರಿಯವ್ರ, ಬ್ಲಾಕ್ ದಾಟಾಕ ಬ್ಯಾರೆ ಸರ್ವರ್ ಮ್ಯಾಲಿಂದ ನೆಟ್ ತೆರಿಯೋ ವಿಪಿಎನ್ ಹಾಕಿದ್ರ ಗುನ್ಹೆ ಏನ್ರಿ? ವಕೀಲ್ ಸಾಹೇಬ್ರ, ಹಾಡಿದವ್ರು ಹೂಂ ಅಂದ್ರ ಬಾಯಿ ಮಾತು ಸಾಕೋ, ಬರದ ಕೊಡಬೇಕೋ?

ಹಾವೇರಿ ನೆಟ್‌ವರ್ಕ್

ವಿಪಿಎನ್ ಬಳಸೂದ ಗುನ್ಹೆ ಅಂತ ದೇಶಕ್ಕೆಲ್ಲ ಒಂದು ಕಾಯ್ದೆ ಇಲ್ಲ. 2022ರ ಏಪ್ರಿಲ್‌ನ್ಯಾಗ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಮಾಡಿ ವಿಪಿಎನ್ ಕಂಪನಿಗಳು ಗ್ರಾಹಕರ ವಿವರ ಐದು ವರ್ಷ ಇಡಬೇಕಂತು, ಕೆಲವು ಕಂಪನಿ ತಮ್ಮ ಸರ್ವರ್ ಭಾರತದಿಂದನ ತೆಗದ್ವು. ಅದರೊಳಗಿಂದ ಹಕ್ಕಿದ್ದ ಹಾಡು ಇಳಿಸಿ ಹಂಚಿದ್ರ ಅದು ಹಂಚಿದ್ದ. ಬ್ಲಾಕ್ ಆದ ಪುಟ ನೋಡಿದ್ರ ಜೈಲು ಅಂತ 2016ರಾಗ ಒಂದು ನೋಟಿಸ್ ಬರ್ತಿತ್ತಲ್ಲ, ಅದು ತಪ್ಪು, ಬರೀ ನೋಡೂದು ಗುನ್ಹೆ ಅಲ್ಲ ಅಂತ ಬಾಂಬೆ ಹೈಕೋರ್ಟ್ ಹೇಳೈತಿ, ಅದಕ್ಕ ಹೆದರಬ್ಯಾಡ್ರಿ.

ವಕೀಲಿ, ವಿದ್ಯಾನಗರ ಹುಬ್ಬಳ್ಳಿ

ಬರದ ತೊಗೋರಿ. ಯಾವ ಹಾಡಿಕಿ, ಯಾವ ತಾರೀಖು, ಎಲ್ಲಿ ಹಾಕ್ತೀರಿ, ದುಡ್ಡು ಇಲ್ಲ, ಬ್ಯಾಡಂದ್ರ ತೆಗೀತೀವಿ, ಇಷ್ಟು ಒಂದು ಹಾಳಿ ಮ್ಯಾಲ ಕನ್ನಡದಾಗ ಬರದು ಸಹಿ ಹಾಕಿಸ್ರಿ. ಹಾಡಿದವ್ರು ತೀರಿ ಹೋಗಿದ್ರ ಮಕ್ಕಳದು ಸಹಿ, ಒಬ್ಬರಕಿಂತ ಹೆಚ್ಚು ಇದ್ರ ಎಲ್ಲಾರದೂ. ಕಂಪನಿ ಕ್ಯಾಸೆಟ್ಟಿನ ಫೈಲ್ ಗ್ರೂಪ್‌ನಿಂದ ಇವತ್ತ ರಾತ್ರಿನ ತೆಗೀರಿ, ಮನಿಯಾಗ ಇಟ್ಕೊಳ್ರಿ. ಪತ್ರದ ಮಾದರಿ ನಾಳೆ ಇಲ್ಲೇ ಹಾಕ್ತೀನಿ.