ಮೈಎಸ್‌ಕ್ಯೂಎಲ್ 5.7ರಿಂದ 8ಕ್ಕೆ ಹೋದರೆ ರಿಪೋರ್ಟ್ ಬೇಗ ಬರುತ್ತದಾ?

ಮಂಡಿಲೆಕ್ಕ:

ನಮಸ್ಕಾರ. ಶಿರಸಿ ಕಡೆ ಒಂದು ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಯಾರೋ ಪಿಎಚ್‌ಪಿಯಲ್ಲಿ ಬರೆದಿಟ್ಟು ಹೋದದ್ದು, ಕೆಳಗೆ ಮೈಎಸ್‌ಕ್ಯೂಎಲ್ 5.7 ಡೇಟಾಬೇಸ್. ಬಾಡಿಗೆ ಸರ್ವರ್, 8 ಜಿಬಿ ರ‍್ಯಾಮ್, ಪಿಎಚ್‌ಪಿ ಡೇಟಾಬೇಸ್ ಎರಡೂ ಅದರಲ್ಲೇ. ಡೇಟಾ ಸುಮಾರು 5 ಜಿಬಿ ಇದೆ.

ದಿನದ ಬಿಲ್ಲು, ತೂಕದ ಚೀಟಿ ಎಲ್ಲ ಸಲೀಸಾಗಿ ಬರುತ್ತದೆ. ತಿಂಗಳ ಕೊನೆಗೆ ಸದಸ್ಯವಾರು ರಿಪೋರ್ಟ್ ತೆಗೆಯುವಾಗ ಮಾತ್ರ, ಅಂದರೆ ಯಾರು ಎಷ್ಟು ರಾಶಿ, ಎಷ್ಟು ಚಾಲಿ, ಎಷ್ಟು ಬೆಟ್ಟೆ ಅಡಿಕೆ ಹಾಕಿದ್ದಾರೆ ಅನ್ನೋ ಪಟ್ಟಿ, ಒಂದೂವರೆ ನಿಮಿಷ ಸುಮ್ನೆ ತಿರುಗುತ್ತಾ ಕೂರುತ್ತದೆ. ಅಷ್ಟು ಹೊತ್ತು ಕೌಂಟರಿನವರ ಬಿಲ್ಲೂ ನಿಧಾನ.

ಯಜಮಾನರಿಗೆ ಯಾರೋ ಹೇಳಿದ್ದಾರೆ, 8 ಹಾಕಿದರೆ ಎರಡು ಪಟ್ಟು ವೇಗ ಅಂತ. ಒಂದು ಭಾನುವಾರ ಕೂತು ಅಪ್‌ಗ್ರೇಡ್ ಮಾಡಿಬಿಡು ಅನ್ನುತ್ತಿದ್ದಾರೆ. ನಿಜವಾಗಿ ಉಪಯೋಗ ಆಗುತ್ತದಾ? ಮಾಡಿದವರು ಇದ್ದರೆ ಹೇಳಿ.

ಹಳೇಸರ್ವರ್:

ಎಸ್‌ಎಸ್‌ಡಿ ಇದೆಯಾ ನೋಡಿ ಮೊದಲು. ಇಲ್ಲದಿದ್ದರೆ ಯಾವ ವರ್ಷನ್ ಹಾಕಿದರೂ ಅಷ್ಟೇ.

ಕ್ವೆರಿಗಾರ:

ಎರಡು ಪಟ್ಟು ಅನ್ನೋ ಮಾತು ಮೈಎಸ್‌ಕ್ಯೂಎಲ್ ಒಡೆಯರಾದ ಓರಾಕಲ್‌ನವರು 2018ರಲ್ಲಿ 8.0 ಬಿಟ್ಟಾಗ ಹೇಳಿಕೊಂಡದ್ದು. ಸುಳ್ಳಲ್ಲ, ಆದರೆ ಅದು ದೊಡ್ಡ ಯಂತ್ರ, ನೂರಾರು ಕನೆಕ್ಷನ್ ಒಟ್ಟಿಗೆ ಮುಗಿಬೀಳುವ ಪರಿಸ್ಥಿತಿಯ ಲೆಕ್ಕ. ನಿಮ್ಮ ಮಂಡಿಯಲ್ಲಿ ಒಟ್ಟಿಗೆ ಕೂರುವವರು ಎಂಟು ಹತ್ತು ಜನ ಇರಬಹುದು, ಅಲ್ವಾ? ಒಂದೇ ಕನೆಕ್ಷನ್‌ನಲ್ಲಿ ಓಡುವ ಸಣ್ಣ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) 5.7ಕ್ಕಿಂತ 8.0ರಲ್ಲಿ ಸ್ವಲ್ಪ ನಿಧಾನವೇ ಆಗುತ್ತವೆ ಅಂತ ಅಳೆದು ತೋರಿಸಿದವರೂ ಇದ್ದಾರೆ. ಹಾಗಾಗಿ ಯಜಮಾನರಿಗೆ ಮಾತು ಕೊಡಬೇಡಿ.

ಮೊದಲು ಸಮಯ ಎಲ್ಲಿ ಹೋಗುತ್ತಿದೆ ನೋಡಿ. ನಿಧಾನದ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ, ಎಷ್ಟು ಸೆಕೆಂಡ್ ದಾಟಿದರೆ ಬರೆಯಬೇಕು ಅನ್ನುವ ಲಾಂಗ್ ಕ್ವೆರಿ ಟೈಮ್ 1ಕ್ಕೆ ಇಳಿಸಿ. ಮೊದಲಿಂದ ಅದು 10 ಸೆಕೆಂಡ್ ಇರುತ್ತದೆ, ಒಂಬತ್ತು ಸೆಕೆಂಡ್ ತಿನ್ನುವ ಕ್ವೆರಿ ಅದಕ್ಕೆ ಕಾಣುವುದೇ ಇಲ್ಲ. ಲಾಗ್‌ನಲ್ಲಿ ರೋಸ್ ಎಕ್ಸಾಮಿನ್ಡ್ (ಓದಿದ ಸಾಲು) ಅಂತ ಒಂದು ಅಂಕಿ ಬರುತ್ತದೆ, ಅದನ್ನು ರೋಸ್ ಸೆಂಟ್ (ಕೊಟ್ಟ ಸಾಲು) ಪಕ್ಕ ಇಟ್ಟು ನೋಡಿ. ಸಾವಿರ ಸಾಲು ಕೊಡೋಕೆ ಕೋಟಿ ಸಾಲು ಓದುತ್ತಿದ್ದರೆ ಅದು ವರ್ಷನ್ ತೊಂದರೆ ಅಲ್ಲ.

ಇನ್ನೊಂದು, ಇನ್ನೊಡಿಬಿ ಬಫರ್ ಪೂಲ್ ಸೈಜ್, ಅಂದರೆ ಡೇಟಾ ಇಟ್ಟುಕೊಳ್ಳೋಕೆ ಮೈಎಸ್‌ಕ್ಯೂಎಲ್ ಬಳಸುವ ಮೆಮೊರಿ, ಎಷ್ಟಿದೆ? ಯಾರೂ ಮುಟ್ಟದಿದ್ದರೆ 128 ಎಂಬಿ ಇರುತ್ತದೆ. 5.7ರಲ್ಲೂ ಅಷ್ಟೇ, 8.0ರಲ್ಲೂ ಅಷ್ಟೇ! ಅಪ್‌ಗ್ರೇಡ್ ಮಾಡಿದರೆ ಅದು ತಾನಾಗಿ ಜಾಸ್ತಿ ಆಗಲ್ಲ.

ಕೊನೆಗೆ ಆ ರಿಪೋರ್ಟ್ ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಹಾಕಿ (ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುತ್ತದೆ), ಏನು ಬಂತು ಅಂತ ಇಲ್ಲಿ ಬರೆಯಿರಿ. ಅದನ್ನು ನೋಡದೆ ಯಾರು ಏನು ಹೇಳಿದರೂ ಕಣಿ ಹೇಳಿದ ಹಾಗೆ.

ಬೈಟುಕಾಫಿ:

ಮೇಲಿನವರು ಹೇಳಿದ್ದು ಸರಿ. ಜೊತೆಗೆ ಒಂದು ವಿಷಯ ನೋಡಿಕೊಳ್ಳಿ. 5.7ರಲ್ಲಿ ಕ್ವೆರಿ ಕ್ಯಾಶ್ (ಒಮ್ಮೆ ಕೊಟ್ಟ ಉತ್ತರ ಇಟ್ಟುಕೊಂಡು ಮತ್ತೆ ಕೊಡುವುದು) ಯಾರಾದರೂ ಆನ್ ಮಾಡಿಟ್ಟಿದ್ದಾರಾ? 8.0ರಲ್ಲಿ ಅದನ್ನು ಪೂರ್ತಿ ಕಿತ್ತು ಹಾಕಿದ್ದಾರೆ. ಟೇಬಲ್‌ಗೆ ಒಂದು ಸಾಲು ಸೇರಿದರೂ ಆ ಟೇಬಲ್‌ನ ಕ್ಯಾಶ್ ಎಲ್ಲ ಹೋಗುತ್ತದೆ, ಆದ್ದರಿಂದ ಹಗಲಿಡೀ ತೂಕ ಬರೆಯುವ ಟೇಬಲ್‌ಗೆ ಅದರಿಂದ ಏನೂ ಸುಖ ಇಲ್ಲ. ಆದರೆ ಇವತ್ತಿನ ಧಾರಣೆ ಅಂತ ಒಂದು ಪುಟ ಇದ್ದೇ ಇರುತ್ತದೆ ತಾನೇ, ದಿನಕ್ಕೊಮ್ಮೆ ಬದಲಾಗುತ್ತದೆ, ಊರೆಲ್ಲ ಮೊಬೈಲ್‌ನಲ್ಲಿ ತೆರೆದು ನೋಡುತ್ತಾರೆ. ಅಂಥ ಪುಟ ಇಷ್ಟು ದಿನ ಕ್ಯಾಶ್ ಮೇಲೇ ಓಡುತ್ತಿದ್ದರೆ 8ಕ್ಕೆ ಹೋದ ಮರುದಿನವೇ ನಿಧಾನ ಆಯ್ತು ಅಂತ ಫೋನ್ ಶುರುವಾಗುತ್ತದೆ. ಧಾರಣೆ ಹಾಕಿದ ತಕ್ಷಣ ಪುಟವನ್ನು ಒಂದು ಫೈಲ್ ಮಾಡಿ ಇಟ್ಟುಬಿಟ್ಟರೆ ಡೇಟಾಬೇಸ್ ತನಕ ಹೋಗುವ ಕೆಲಸವೇ ಇರಲ್ಲ.

ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿಯಲ್ಲಿ ಕ್ವೆರಿ ಕ್ಯಾಶ್ ಇನ್ನೂ ಇದೆ. ಅದಕ್ಕೋಸ್ಕರ ಅಲ್ಲಿಗೆ ಹಾರುವುದು ಮಾತ್ರ ನನ್ನ ಕೇಳಿದರೆ ಬೇಡ.

ಮಂಡಿಲೆಕ್ಕ:

ನೋಡಿದೆ. ಡಿಸ್ಕ್ ಎಸ್‌ಎಸ್‌ಡಿನೇ. ಕ್ವೆರಿ ಕ್ಯಾಶ್ ಆನ್ ಇದೆ, ಧಾರಣೆ ಪುಟವೂ ಇದೆ, ನೀವು ನೋಡಿ ಬಂದ ಹಾಗೆ ಹೇಳಿದ್ದೀರಿ. ಬಫರ್ ಪೂಲ್ 128 ಎಂಬಿನೇ!

ಎಕ್ಸ್‌ಪ್ಲೇನ್‌ನಲ್ಲಿ ಎರಡು ಸಾಲು ಬಂತು. ಸದಸ್ಯರ ಟೇಬಲ್ ಮೊದಲು, ಅದಕ್ಕೆ ಲೆಫ್ಟ್ ಜಾಯಿನ್ ಆಗಿ (ಮೊದಲ ಟೇಬಲ್‌ನ ಎಲ್ಲ ಸಾಲು ಉಳಿಸಿಕೊಂಡು ಜೋಡಿಸುವುದು) ಲಾಟ್ ಟೇಬಲ್. ಲಾಟ್ ಸಾಲಿನಲ್ಲಿ ಟೈಪ್ ಆಲ್ (ಇಡೀ ಟೇಬಲ್ ಓದುತ್ತಿದೆ), ಕೀ ನಲ್ (ಇಂಡೆಕ್ಸ್ ಬಳಸಿಲ್ಲ), ರೋಸ್ ಹತ್ತಿರ ಹತ್ತಿರ 14 ಲಕ್ಷ. ಆದರೆ ಲಾಟ್ ಟೇಬಲ್‌ನ ಖಾತೆ ನಂಬರ್ ಮೇಲೆ ಇಂಡೆಕ್ಸ್ (ಸಾಲು ಬೇಗ ಹುಡುಕುವ ಸೂಚಿ) ಇದೆ! ಯಾಕೆ ಬಳಸುತ್ತಿಲ್ಲ ಗೊತ್ತಾಗುತ್ತಿಲ್ಲ. ತಿಂಗಳು ಆರಿಸೋದು ಇಯರ್, ಮಂತ್ ಅನ್ನೋ ಫಂಕ್ಷನ್‌ಗಳಿಂದ.

ಕ್ವೆರಿಗಾರ:

ಎರಡೂ ಟೇಬಲ್‌ನಲ್ಲಿ ಖಾತೆ ನಂಬರ್ ಯಾವ ಟೈಪ್? ಒಂದು ಕಡೆ ಇಂಟ್ (ಸಂಖ್ಯೆ), ಇನ್ನೊಂದು ಕಡೆ ವಾರ್‌ಚಾರ್ (ಅಕ್ಷರ) ಇರಬೇಕು.

ಮಂಡಿಲೆಕ್ಕ:

ಹೌದು. ಸದಸ್ಯರ ಟೇಬಲ್‌ನಲ್ಲಿ 412 ಅಂತ ಇಂಟ್. ಲಾಟ್‌ನಲ್ಲಿ 00412 ಅಂತ ವಾರ್‌ಚಾರ್, ಚೀಟಿಯಲ್ಲಿ ಐದು ಅಂಕಿ ಬರಲಿ ಅಂತ ಹಾಗೆ ಇಟ್ಟಿರಬೇಕು.

ಕ್ವೆರಿಗಾರ:

ಸಿಕ್ಕಿತು ನೋಡಿ. ಅಕ್ಷರದ ಕಾಲಂ ಅನ್ನು ಸಂಖ್ಯೆ ಜೊತೆ ಹೋಲಿಸಿದರೆ ಮೈಎಸ್‌ಕ್ಯೂಎಲ್ ಆ ಕಾಲಂನ ಇಂಡೆಕ್ಸ್ ಬಳಸೋಕೆ ಆಗಲ್ಲ. 412, 0412, 00412 ಎಲ್ಲವೂ ಅದೇ ಸಂಖ್ಯೆ ಆಗಬಹುದು, ಇಂಡೆಕ್ಸ್‌ನಲ್ಲಿ ಅವು ಬೇರೆ ಬೇರೆ ಜಾಗದಲ್ಲಿರುತ್ತವೆ. ಹಾಗಾಗಿ ಇದ್ದಬದ್ದ ಸಾಲನ್ನೆಲ್ಲ ಓದಿ ಸದಸ್ಯರ ಜೊತೆ ಹೊಂದಿಸುತ್ತಾ ಕೂರುತ್ತದೆ.

ಟೇಬಲ್ ಮುಟ್ಟೋಕೆ ಧೈರ್ಯ ಇಲ್ಲದಿದ್ದರೆ ಕ್ವೆರಿಯಲ್ಲೇ ಸದಸ್ಯರ ನಂಬರ್‌ಗೆ ಮುಂದೆ ಸೊನ್ನೆ ತುಂಬುವ ಎಲ್‌ಪ್ಯಾಡ್ ಹಾಕಿ ಐದಂಕಿಯ ಅಕ್ಷರ ಮಾಡಿ, ಆಮೇಲೆ ಲಾಟ್ ಜೊತೆ ಜೋಡಿಸಿ. ಎರಡೂ ಕಡೆ ಅಕ್ಷರ ಆದ ಮೇಲೆ ಇಂಡೆಕ್ಸ್ ಕೆಲಸ ಮಾಡುತ್ತದೆ. ಇಯರ್, ಮಂತ್ ತೆಗೆದುಬಿಡಿ, ಕಾಲಂ ಸುತ್ತ ಫಂಕ್ಷನ್ ಸುತ್ತಿದರೆ ಅದಕ್ಕೂ ಇಂಡೆಕ್ಸ್ ಸಿಗಲ್ಲ. ತಾರೀಕು ಫೆಬ್ರವರಿ 1 ಅಥವಾ ಅದರ ನಂತರ, ಮಾರ್ಚ್ 1ಕ್ಕಿಂತ ಮೊದಲು ಅಂತ ಬರೆಯಿರಿ. ಖಾತೆ ನಂಬರ್, ತಾರೀಕು ಎರಡೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ.

ಬಫರ್ ಪೂಲ್ 4 ಜಿಬಿಗೆ ಏರಿಸಿ. ಪಿಎಚ್‌ಪಿಯೂ ಅಲ್ಲೇ ಇರೋದರಿಂದ ಅದಕ್ಕಿಂತ ಜಾಸ್ತಿ ಬೇಡ. 5.7ರಲ್ಲಿ ಸರ್ವರ್ ನಿಲ್ಲಿಸದೆಯೇ ಬದಲಾಯಿಸಬಹುದು, ಕಾನ್ಫಿಗ್ ಫೈಲ್‌ನಲ್ಲೂ ಬರೆದಿಡಿ.

ತಮಾಷೆ ಏನು ಗೊತ್ತಾ, ನೀವು ಏನೂ ನೋಡದೆ ಅಪ್‌ಗ್ರೇಡ್ ಮಾಡಿದ್ದರೆ ಈ ರಿಪೋರ್ಟ್ ಒಂದಿಷ್ಟು ವೇಗ ಆಗಿಯೇ ಬಿಡುತ್ತಿತ್ತೇನೋ. 8.0.18ರಲ್ಲಿ ಹ್ಯಾಶ್ ಜಾಯಿನ್ (ಟೇಬಲ್‌ಗಳನ್ನು ಬೇಗ ಜೋಡಿಸುವ ಹೊಸ ವಿಧಾನ) ಬಂತು, 8.0.20ರಿಂದ ಲೆಫ್ಟ್ ಜಾಯಿನ್‌ಗೂ ಸಿಗುತ್ತದೆ. ಇಂಡೆಕ್ಸ್ ಇಲ್ಲದ ಜಾಯಿನ್‌ಗೆ ಅದು ದೊಡ್ಡ ಸಹಾಯ. ಯಜಮಾನರು ನಾನು ಹೇಳಿರಲಿಲ್ವಾ ಅನ್ನುತ್ತಿದ್ದರು, 14 ಲಕ್ಷ ಸಾಲು ಓದುವುದು ಮಾತ್ರ ಹಾಗೇ ಉಳಿಯುತ್ತಿತ್ತು.

ಮಂಡಿಲೆಕ್ಕ:

ಸಂಜೆ ಕೌಂಟರ್ ಮುಚ್ಚಿದ ಮೇಲೆ ಮಾಡಿದೆ. ಬಫರ್ ಪೂಲ್ ಮಾತ್ರ ಏರಿಸಿ ಓಡಿಸಿದಾಗ 50 ಸೆಕೆಂಡ್ ಹತ್ತಿರ ಬಂತು. ಕ್ವೆರಿ ತಿದ್ದಿ ಹೊಸ ಇಂಡೆಕ್ಸ್ ಹಾಕಿದ ಮೇಲೆ ಒಂದು ಸೆಕೆಂಡೂ ಇಲ್ಲ!! ತುಂಬಾ ಥ್ಯಾಂಕ್ಸ್.

ಹಾಗಾದರೆ ಅಪ್‌ಗ್ರೇಡ್ ಕೈಬಿಡಲಾ?

ಬೈಟುಕಾಫಿ:

ಬಿಡಬೇಡಿ. 5.7ಕ್ಕೆ 2023ರ ಅಕ್ಟೋಬರ್‌ಗೇ ಬೆಂಬಲ ಮುಗಿದಿದೆ, ಭದ್ರತೆಯ ಪ್ಯಾಚ್ ಬರಲ್ಲ. ಜನರ ದುಡ್ಡಿನ ಲೆಕ್ಕ ಇರುವ ಸರ್ವರ್, ಇಂಟರ್‌ನೆಟ್‌ಗೆ ಬೇರೆ ತೆರೆದಿದೆ. 8.0ಕ್ಕೂ ಬೆಂಬಲ 2026ರ ಏಪ್ರಿಲ್‌ವರೆಗೆ ಮಾತ್ರ, ಆದ್ದರಿಂದ 8.4ಕ್ಕೆ ಹೋಗಿ. 5.7ರಿಂದ ನೇರ ಜಿಗಿಯೋಕೆ ಬಿಡಲ್ಲ, ನಡುವೆ 8.0ರಲ್ಲಿ ಇಳಿದೇ ಹೋಗಬೇಕು. ಹೋದ ಮೇಲೆ ವಾಪಸ್ 5.7ಕ್ಕೆ ಇಳಿಸುವ ದಾರಿ ಇಲ್ಲ, ಡಂಪ್ (ಡೇಟಾದ ಪೂರ್ತಿ ನಕಲು) ಇಲ್ಲದೆ ಶುರು ಮಾಡಬೇಡಿ. ಭಾನುವಾರ ಕೂತು ಮಾಡುವ ಕೆಲಸವೂ ಅಲ್ಲ. ಒಂದು ತಿಂಗಳಿಗೆ ಇನ್ನೊಂದು ಸರ್ವರ್ ಬಾಡಿಗೆಗೆ ತಗೊಂಡು ಅಲ್ಲಿ ಡಂಪ್ ಹಾಕಿ, ಎಲ್ಲ ರಿಪೋರ್ಟ್ ಒಮ್ಮೆ ತೆಗೆದು ನೋಡಿ. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕರ್ ಇದೆ, ಅದನ್ನೂ ಓಡಿಸಿ.

ನಿಮ್ಮಂಥ ಹಳೇ ಕೋಡ್‌ನಲ್ಲಿ ಮೂರು ಕಡೆ ಎಡವಬಹುದು. ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಬರೆದರೆ 5.7ರಲ್ಲಿ ಪಟ್ಟಿ ತಾನಾಗಿ ಖಾತೆ ನಂಬರ್ ಪ್ರಕಾರ ಜೋಡಣೆ ಆಗಿ ಬರುತ್ತಿತ್ತು, 8.0ರಲ್ಲಿ ಆ ಭರವಸೆ ಇಲ್ಲ, ಆರ್ಡರ್ ಬೈ ನೀವೇ ಬರೆಯಬೇಕು. ಹಳೇ ರೀತಿಯ ಪಾಸ್‌ವರ್ಡ್ ಪ್ಲಗಿನ್ 8.4ರಲ್ಲಿ ಮೊದಲಿಂದಲೇ ಆಫ್, ಪಿಎಚ್‌ಪಿ 7.4ಕ್ಕಿಂತ ಹಳೆಯದಿದ್ದರೆ ಹೊಸ ರೀತಿ ಗೊತ್ತಿರದೆ ಲಾಗಿನ್ನೇ ಆಗದೆ ಹೋಗಬಹುದು. ಡೇಟಾದ ಪ್ರತಿ ಬದಲಾವಣೆ ಬರೆದಿಡುವ ಬೈನರಿ ಲಾಗ್ 8.0ರಿಂದ ಮೊದಲಿಂದಲೇ ಆನ್ ಇರುತ್ತದೆ, 30 ದಿನದ್ದು ಇಟ್ಟುಕೊಳ್ಳುತ್ತದೆ, ಡಿಸ್ಕ್ ಚಿಕ್ಕದಿದ್ದರೆ ಸದ್ದಿಲ್ಲದೆ ತುಂಬುತ್ತದೆ.

ಮಂಡಿಲೆಕ್ಕ:

ಪಿಎಚ್‌ಪಿ 7.2. ಅದನ್ನೂ ಏರಿಸಬೇಕು ಅಂತಾಯ್ತು. ಮಾರ್ಚ್ ಲೆಕ್ಕ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಶುರು ಮಾಡುತ್ತೇನೆ. ಚೆಕರ್ ಓಡಿಸಿದೆ, ಗ್ರೂಪ್ಸ್ ಅನ್ನೋ ಟೇಬಲ್ ಹೆಸರಿಗೆ ತಕರಾರು ತೆಗೆದಿದೆ. ಸಂಘದ ಗುಂಪುಗಳ ಟೇಬಲ್ ಅದು. ಹೆಸರು ಬದಲಾಯಿಸಲೇಬೇಕಾ?

ಕ್ವೆರಿಗಾರ:

ಬೇಕಿಲ್ಲ. ಗ್ರೂಪ್ಸ್ ಅನ್ನೋದು 8.0ರಲ್ಲಿ ಮೈಎಸ್‌ಕ್ಯೂಎಲ್ ತನ್ನ ಬಳಕೆಗೆ ಕಾಯ್ದಿಟ್ಟ ಪದ, ಅಷ್ಟೇ. ಕೋಡ್‌ನಲ್ಲಿ ಆ ಹೆಸರು ಬರುವ ಕಡೆಯೆಲ್ಲ ಬ್ಯಾಕ್‌ಟಿಕ್ (`) ಒಳಗೆ ಹಾಕಿ. ಅದನ್ನು ಈಗಲೇ 5.7ರಲ್ಲೇ ಮಾಡಿಟ್ಟರೆ ಏನೂ ತೊಂದರೆ ಆಗಲ್ಲ.