ಮುಂಗಾರು ಹಿಂದುಮುಂದಾದಾಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಯಾವಾಗ?

ತೋಟದಂಚು:
ಅಡಿಕೆಗೆ ಮೊದಲ ಔಷಧಿ ಮೇ ಕೊನೆಗೆ ಇಲ್ಲವೇ ಜೂನ್ ಮೊದಲ ವಾರಕ್ಕೆ, ಎರಡನೆಯದು 40-45 ದಿನ ಬಿಟ್ಟು ಎನ್ನುವುದು ಮಲೆನಾಡಿನ ಹಳೇ ಲೆಕ್ಕ. ಕೇರಳಕ್ಕೆ ಮುಂಗಾರು 2023ರಲ್ಲಿ ಜೂನ್ 8ಕ್ಕೆ ಬಂದರೆ 2025ರಲ್ಲಿ ಮೇ 24ಕ್ಕೇ ಬಂತು. ಹೀಗಿರುವಾಗ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಯಾವ ದಿನ ಹೇಳುವುದು? 200 ಲೀಟರ್ ಡ್ರಮ್ಮಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಎಷ್ಟು ಬೇಕು? ಡ್ರೋನ್‌ನಲ್ಲಿ ಹೊಡೆಸಿದರೆ ಆದೀತೇ?

ಮಳೆಮಾಪಕ:
ತಾರೀಕು ಬಿಡಿ, ಹೊಳವು (ಮಳೆ ಬಿಡುವು ಕೊಟ್ಟ ಹೊತ್ತು) ನೋಡಿ. ಬೋರ್ಡೋ ಎಂದರೆ ತುತ್ತ-ಸುಣ್ಣದ ದ್ರಾವಣ, ರೋಗ ಬಾರದಂತೆ ತಡೆಯುವ ಔಷಧಿ; ಕಾಯಿಯ ಒಳಗೆ ಹೊಕ್ಕ ಕೊಳೆರೋಗದ ರೋಗಾಣು ಫೈಟೋಫ್ತೊರಾವನ್ನು ಅದು ಕೊಲ್ಲುವುದಿಲ್ಲ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಕಾಯಿಯ ಮೇಲೆ ತಾಮ್ರದ ಪದರ ಒಣಗಿ ಕೂತಿರಬೇಕು. ಮೇ ಎರಡನೇ ವಾರದೊಳಗೆ ಸಾಮಾನು ತಂದಿಟ್ಟುಕೊಂಡು, ಹವಾಮಾನ ಇಲಾಖೆಯ ಐದು ದಿನಗಳ ಮುನ್ಸೂಚನೆ ನೋಡುತ್ತಿರಿ. ಮೇಘದೂತ್ ಆ್ಯಪ್‌ನಲ್ಲಿ ಜಿಲ್ಲೆವಾರು ಸಿಗುತ್ತದೆ. ಮುಂಗಾರು ಬೇಗ ಎಂದು ಕಂಡರೆ ಮುಂಗಾರುಪೂರ್ವ ಮಳೆಯ ನಡುವಿನ ಬಿಸಿಲಲ್ಲೇ ಮುಗಿಸಿಬಿಡಿ. ಎರಡನೇ ಸಲಕ್ಕೆ 40-45 ದಿನ ಎಣಿಸುವುದು ಮೊದಲು ಹೊಡೆದ ದಿನದಿಂದ, ಮಳೆ ಶುರುವಾದ ದಿನದಿಂದಲ್ಲ. ಮೊದಲನೆಯದು ಬೇಗ ಆಗಿ ಮಳೆ ಸೆಪ್ಟೆಂಬರ್‌ವರೆಗೂ ಎಳೆದರೆ ಮೂರನೆಯದೂ ಬೇಕು. ಈ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ತುತ್ತಸುಣ್ಣ:
ಶೇ. 1ರ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ನಿಮ್ಮ ಡ್ರಮ್ಮಿಗೆ 2 ಕಿಲೋ, 2 ಕಿಲೋ.

ತುತ್ತವನ್ನು 100 ಲೀಟರ್ ನೀರಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ. ಹರಳಾದರೆ ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ, ಭಾರದ ದ್ರಾವಣ ಕೆಳಗಿಳಿದು ಬೇಗ ಕರಗುತ್ತದೆ. ತಳಕ್ಕೆ ಸುರಿದರೆ ಗಂಟೆಗಟ್ಟಲೆ ಹಾಗೇ ಕೂರುತ್ತದೆ. ಸುಣ್ಣವನ್ನು ಇನ್ನೊಂದು 100 ಲೀಟರಲ್ಲಿ ಕದಡಿ, ಸೋಸಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕದಡಬೇಕು, ತಿರುಗಾಮುರುಗಾ ಬೇಡ. ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ನಾಜಲ್ ಕಟ್ಟುತ್ತದೆ. ಕಬ್ಬಿಣದ ಪಾತ್ರೆ ಮುಟ್ಟಲೇಬೇಡಿ. ತಾಮ್ರವೆಲ್ಲ ಪಾತ್ರೆಗೇ ಅಂಟಿಕೊಳ್ಳುತ್ತದೆ.

ಕೆಡುವುದು ಹೆಚ್ಚಾಗಿ ಸುಣ್ಣದಲ್ಲಿ. ಗಾಳಿಗೆ ತೆರೆದಿಟ್ಟ ಹಳೇ ಸುಣ್ಣ ಸತ್ವ ಕಳೆದುಕೊಂಡಿರುತ್ತದೆ, ತೂಕ ಸರಿಯಿದ್ದರೂ ತುತ್ತದ ಹುಳಿ ಮುರಿಯುವುದಿಲ್ಲ. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದೆರಡು ನಿಮಿಷ ಅದ್ದಿ. ಅಲಗಿಗೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ನೋಡಿ. ಹುಳಿಯಿದ್ದಂತೆಯೇ ಹೊಡೆದರೆ ಎಳೆಗಾಯಿ ಸುಟ್ಟು ಉದುರುತ್ತದೆ. ಮಾಡಿದ ದಿನವೇ ಖಾಲಿ ಮಾಡಿ, ಮರುದಿನಕ್ಕೆ ಉಳಿಸಬೇಡಿ.

ಕೊಳೆರೋಗಕ್ಕೆ ಈ ಮದ್ದನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸಿದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷ ದಾಟಿದರೂ ಮಲೆನಾಡು ಇದನ್ನು ಬಿಟ್ಟಿಲ್ಲ, ಬಿಡುವ ಕಾರಣವೂ ಇಲ್ಲ.

ದೋಟಿ:
ಡ್ರೋನ್ ವಿಚಾರ: ಕೊನೆ (ಅಡಿಕೆ ಗೊನೆ) ಇರುವುದು ಹೆಡೆಗಳ, ಅಂದರೆ ಸೋಗೆಗಳ, ಕೆಳಗೆ. ಮೇಲಿಂದ ಬಿದ್ದ ಹನಿ ಬಹುಪಾಲು ಸೋಗೆಗೇ ಸಿಗುತ್ತದೆ. ಎಲೆಚುಕ್ಕೆ ರೋಗಕ್ಕೆ ಉಪಯೋಗವಾದೀತು, ಕೊಳೆಗೆ ಕಾಯಿಯ ಸುತ್ತಲೂ ನೆನೆಯಬೇಕು. ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ವಾಸಿ. ನೆಲದಲ್ಲೇ ನಿಂತು ಕೊನೆಯ ಎರಡೂ ಮಗ್ಗುಲಿಗೆ ಹೊಡೆಯಬಹುದು, ಹೊಳವು ಕಡಿಮೆಯಿದ್ದಾಗ ಬೇಗ ಮುಗಿಯುತ್ತದೆ. ಆದರೆ ಕಾರ್ಬನ್ ಫೈಬರಿಗೆ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿನಲ್ಲಿ ದೋಟಿ ಎತ್ತಲೇಬೇಡಿ.

ತೋಟದಂಚು:
ಎರಡನೇ ಸಲಕ್ಕೆ ಹೊಳವೇ ಸಿಗದಿದ್ದರೆ?

ಮಳೆಮಾಪಕ:
ಅರ್ಧ ದಿನ ಸಿಕ್ಕರೂ ಸಾಕು, ಇಡೀ ತೋಟ ಒಂದೇ ದಿನ ಆಗಬೇಕೆಂದಿಲ್ಲ. ತಗ್ಗು, ನೆರಳು, ಹೋದ ವರ್ಷ ಕೊಳೆ ಬಂದ ಸಾಲು ಮೊದಲು ಮುಗಿಸಿ. ಅಷ್ಟರಲ್ಲಿ ಬಸಿಗಾಲುವೆ ಬಿಡಿಸಿ, ಉದುರಿದ ಕೊಳೆಕಾಯಿ ಆರಿಸಿ ತೋಟದಿಂದ ಆಚೆ ಸಾಗಿಸಿ ಸುಡಿ. ನೆಲದಲ್ಲೇ ಬಿಟ್ಟರೆ ಮಳೆಹನಿ ಸಿಡಿದಂತೆ ರೋಗವೂ ಹರಡುತ್ತದೆ.